ಹದಿನೆಂಟು ಎಂ.ಬಿ.ಯ ಕಿತ್ತಳೆ ಗಿಡ

ನಾಗಪುರದ ನಮ್ಮ ಕಚೇರಿಯಲ್ಲಿ ನನಗೊಂದು ಕೀರ್ತಿಯಿದೆ. ಯಾರ ಫೈಲು ಎಷ್ಟೇ ದಪ್ಪವಿರಲಿ, ನನ್ನ ಮೇಜಿಗೆ ಬಂದರೆ ಸಣ್ಣದಾಗಿ ಹೋಗುತ್ತದೆ. ಪ್ರತಿ ತಿಂಗಳು ಮುಖ್ಯ ಕಚೇರಿಗೆ ಹತ್ತು ಹದಿನೈದು ಚಾರ್ಟುಗಳನ್ನು ಇ-ಮೇಲಿನಲ್ಲಿ ಕಳಿಸಬೇಕು. ಕಂಬದ ಚಾರ್ಟು, ಗೆರೆಯ ಚಾರ್ಟು, ರೊಟ್ಟಿಯನ್ನು ಹೋಳು ಮಾಡಿದಂಥ ದುಂಡನೆಯ ಚಾರ್ಟು. ಐದು ಎಂ.ಬಿ. ಮೀರಿತೋ, ಅಲ್ಲಿಂದ ಬಾಗಿಲು ಹಾಕಿಸಿಕೊಂಡು ವಾಪಸ್ ಬರುತ್ತದೆ. ಆಗ ಸಾಹೇಬರಿಂದ ಹಿಡಿದು ಟಪಾಲು ವಿಭಾಗದವರವರೆಗೆ ಎಲ್ಲರೂ, "ತಾಈ, ಜರಾ ಛೋಟಂ ಕರೂನ್ ದ್ಯಾ ನಾ," ಸ್ವಲ್ಪ ಸಣ್ಣದು ಮಾಡಿಕೊಡಿ ಎಂದು ನನ್ನ ಹತ್ತಿರ ಬರುತ್ತಾರೆ. ನಾನು ದೊಡ್ಡ ಡಾಕ್ಟರಂತೆ ಮುಖ ಮಾಡಿಕೊಂಡು ಎರಡು ಬಟನ್ ಒತ್ತಿ ಕಳಿಸಿಬಿಡುತ್ತೇನೆ. ಚಾರ್ಟಿನ ಅಂಕಿಗಳು ಓದಲು ಬರುತ್ತಿಲ್ಲ ಎಂದು ಇಷ್ಟು ವರ್ಷಗಳಲ್ಲಿ ಒಬ್ಬರೂ ದೂರಿಲ್ಲ. ಅದನ್ನು ನನ್ನ ಜಾಣತನ ಎಂದುಕೊಂಡಿದ್ದೆ. ಆ ಚಾರ್ಟುಗಳನ್ನು ಅಲ್ಲಿ ಯಾರೂ ತೆರೆದೇ ನೋಡುವುದಿಲ್ಲವೇನೋ ಎಂಬ ಅನುಮಾನವನ್ನು ಹತ್ತಿರ ಬಿಟ್ಟುಕೊಂಡಿರಲಿಲ್ಲ.

ಆ ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಕೂಲರಿಗೆ ನೀರು ತುಂಬುತ್ತಿದ್ದಾಗ ಧಾರವಾಡದಿಂದ ತಂಗಿಯ ಫೋನು ಬಂತು. ಅವಳ ಮಗಳು ಬಸುರಿ. ಇನ್ನು ಐದು ವಾರಕ್ಕೆ ಕುಬಸವೆಂದು, ಅಂದರೆ ಸೀಮಂತವೆಂದು, ದಿನ ಗೊತ್ತಾಗಿತ್ತು. ಕುಬಸದ ದಿನ ಬೇರೆಯವರೆಲ್ಲ ಬಸುರಿಗೆ ಹಸಿರು ಸೀರೆ ಉಡಿಸಿದರೆ ನಮ್ಮ ಮನೆಯಲ್ಲಿ ಮಾತ್ರ ಕಸೂತಿ ಹಾಕಿದ ಕಪ್ಪು ಚಂದ್ರಕಾಳಿ ಸೀರೆ. ಇದು ನಮ್ಮ ಅಜ್ಜಿಯಿಂದ ಇಳಿದು ಬಂದ ಹಟ. ನನ್ನ ಸೀರೆಗೂ ತಂಗಿಯ ಸೀರೆಗೂ ಅವ್ವನೇ ಕಸೂತಿ ಹಾಕಿದ್ದಳು. ಆ ಎರಡೂ ಹಳತಾಗಿ ಯಾವತ್ತೋ ಹರಿದುಹೋಗಿವೆ. ಈಗ ನನ್ನ ಜೊತೆಗಿರುವ ಅವ್ವನಿಗೆ ಎಂಬತ್ತರ ಹತ್ತಿರ. ಎರಡೂ ಕಣ್ಣಿನ ಆಪರೇಶನ್ ಆಗಿದೆ. ಎದುರಿಗೆ ಬಂದವರ ಮುಖದಲ್ಲಿನ ಸಿಟ್ಟು ಅವಳಿಗೆ ಚೆನ್ನಾಗಿ ಕಾಣುತ್ತದೆ, ಕಪ್ಪು ಬಟ್ಟೆಯ ಎಳೆ ಕಾಣುವುದಿಲ್ಲ.

"ಸೆರಗಿನ ಮ್ಯಾಲ ಅಜ್ಜೀದಽ ಸಂತ್ರಾ ಗಿಡ ಬರಬೇಕಂತ ಮಗಳು ಹಟ ಹಿಡದಾಳ ಅಕ್ಕಾ," ಎಂದಳು ತಂಗಿ. "ನಮ್ಮ ಓಣಿ ಹೆಣ್ಮಕ್ಕಳು ಎಂಟು ಮಂದಿ ಕೂತು ಹಾಕಿಕೊಡ್ತಾರ. ನೀ ಪಟ ಅಷ್ಟ ಕಳಸು."

ಸಂತ್ರಾ ಗಿಡ ಎಂದರೆ ಕಿತ್ತಳೆ ಗಿಡ. ಧಾರವಾಡದ ಕಸೂತಿಯಲ್ಲಿ ಗೋಪುರ, ಆನೆ, ನವಿಲು, ತುಳಸಿಕಟ್ಟೆ ಎಲ್ಲ ಉಂಟು, ಕಿತ್ತಳೆ ಮಾತ್ರ ಇಲ್ಲ. ಅಪ್ಪನಿಗೆ ನಾಗಪುರಕ್ಕೆ ವರ್ಗವಾಗಿ ಬಂದ ಹೊಸತರಲ್ಲಿ ಅವ್ವ ಕಳಮೇಶ್ವರದ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ಒಂದು ತೋಟ ನೋಡಿದಳಂತೆ. ಮನೆಗೆ ಬಂದವಳೇ ಅಪ್ಪನ ಆಫೀಸಿನ ಗ್ರಾಫ್ ಪುಸ್ತಕದಲ್ಲಿ ಗಿಡ ಬರೆದಳು. ಐದು ಟೊಂಗೆ, ಟೊಂಗೆಗೊಂದು ಹಣ್ಣು. ಆ ಗಿಡ ಬೇರೆ ಯಾರ ಪುಸ್ತಕದಲ್ಲೂ ಇರಲಿಲ್ಲ. ಧಾರವಾಡದಲ್ಲಿ ಅದಕ್ಕೆ 'ನಾಗಪುರದಾಕಿ ಗಿಡ' ಎಂದೇ ಹೆಸರು ಬಿದ್ದಿತ್ತು, ಅದನ್ನು ಕೇಳಿದಾಗಲೆಲ್ಲ ಅವ್ವ ತನಗೇನೂ ಕೇಳಿಸಲಿಲ್ಲವೆಂಬಂತೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

ಕಸೂತಿ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಇದರಲ್ಲಿ ಗಂಟು ಹಾಕುವಂತಿಲ್ಲ. ಬಟ್ಟೆಯ ಮೇಲೆ ಬರೆದುಕೊಳ್ಳುವಂತಿಲ್ಲ. ಗ್ರಾಫಿನ ಒಂದೊಂದು ಚೌಕಕ್ಕೆ 'ಮನೆ' ಎನ್ನುತ್ತಾರೆ. ಅದನ್ನು ನೋಡಿ ಬಟ್ಟೆಯ ಎಳೆ ಎಣಿಸಿಕೊಂಡು ಸೂಜಿ ಹೋಗಬೇಕು. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ. ತುದಿ ಮುಟ್ಟಿ ಹಿಂದಿರುಗುವಾಗ ಬಿಟ್ಟ ಜಾಗಗಳನ್ನೆಲ್ಲ ತುಂಬುತ್ತ ಹೊರಟ ಜಾಗಕ್ಕೇ ದಾರ ಬಂದು ಸೇರಬೇಕು. ಹಾಗೆ ಸೇರಿದರೆ ಬಟ್ಟೆಯ ಎರಡೂ ಮಗ್ಗುಲು ಒಂದೇ ಥರ ಕಾಣುತ್ತವೆ. ಸೇರದಿದ್ದರೆ ಹಿಂದಿನಿಂದ ದಾರ ಹಾರಿಸಬೇಕಾಗುತ್ತದೆ, ಹಿಂದಿನ ಮಗ್ಗುಲು ಕೆಟ್ಟು ಕೆರ ಹಿಡಿಯುತ್ತದೆ. ಬಲ್ಲವರು ಸೀರೆ ಕೈಗೆ ಬಂದರೆ ಮೊದಲು ಹಿಂದುಮುಂದು ಮಾಡಿ ನೋಡುವುದು ಇದಕ್ಕೇ.

ಪುಸ್ತಕವನ್ನೇ ಕೊರಿಯರ್ ಮಾಡೋಣ ಎಂದೆ. "ಪೋಸ್ಟಿನ್ಯಾಗ ಮಕ್ಕಳನ್ನ ಕಳಸ್ತಾರೇನು?" ಎಂದು ಅವ್ವ ಪುಸ್ತಕವಿದ್ದ ಟ್ರಂಕಿನ ಮೇಲೆ ಕೂತುಬಿಟ್ಟಳು. ಫೋನಿನಲ್ಲಿ ಫೋಟೋ ತೆಗೆದೆ. ಅವ್ವ ಅದನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, "ಇದೇನು, ನಿನ್ನ ತಲಿ ನೆರಳೂ ಹೊಲೀಬೇಕೇನು ಅವರು?" ಎಂದಳು. ಧರಮಪೇಠದಲ್ಲಿ ನಮ್ಮ ಮನೆಯ ಹತ್ತಿರವೇ ಇರುವ ಝೆರಾಕ್ಸ್ ಅಂಗಡಿಗೆ ಪುಸ್ತಕವನ್ನು ಎದೆಗವಚಿಕೊಂಡು ಅವ್ವನೂ ಬಂದಳು, ಪುಟವನ್ನು ತಾನೇ ಗಾಜಿನ ಮೇಲೆ ಇಟ್ಟಳು. ಸ್ಕ್ಯಾನ್ ಸೊಗಸಾಗಿ ಬಂತು. ಹದಿನೆಂಟು ಎಂ.ಬಿ. ತಂಗಿ ಕಲಿಸುವ ಶಾಲೆಯ ಇ-ಮೇಲಿಗೆ ಕಳಿಸಿದೆ, ಏಕೆಂದರೆ ಪ್ರಿಂಟರ್ ಇದ್ದದ್ದು ಅಲ್ಲಿ. ಐದು ನಿಮಿಷದಲ್ಲಿ ವಾಪಸ್ ಬಂತು.

"ಐದು ಹಣ್ಣಿನ ಗಿಡ, ಇಷ್ಟ್ಯಾಕ ದಪ್ಪ?" ಎಂದಳು ಅವ್ವ.

"ಸಣ್ಣದು ಮಾಡ್ತೇನಿ ತಡಿ. ದಿನಾ ಮಾಡೂದಽ ಇದನ್ನ."

"ಸಣ್ಣದು ಮಾಡಿದ್ರ ಮನಿ ಕಡಿಮಿ ಆಗೂದಿಲ್ಲಾ?"

"ಇಲ್ಲವ್ವಾ. ಮನಿ ಅಷ್ಟಽ ಇರ್ತಾವು, ಭಾರ ಅಷ್ಟ ಕಡಿಮಿ ಆಗತೈತಿ."

"ಮನಿ ಅಷ್ಟಽ ಇದ್ರ ಭಾರ ಎಲ್ಲಿಗೆ ಹೋತು?"

ನನಗೆ ಇಪ್ಪತ್ತಾರು ವರ್ಷ ಸರ್ವಿಸ್ ಆಗಿದೆ ಎಂದು ಹೇಳಿ ಲ್ಯಾಪ್‌ಟಾಪ್ ಎಳೆದುಕೊಂಡೆ. ಆಫೀಸಿನ ಚಾರ್ಟಿಗೆ ಒತ್ತುವ ಅದೇ ಎರಡು ಬಟನ್ ಒತ್ತಿದೆ. ಹದಿನೆಂಟು ಎಂ.ಬಿ. ಹೋಗಿ ಇನ್ನೂರು ಕೆ.ಬಿ. ಆಯಿತು. ಈ ಸಲ ಮೇಲ್ ಸಲೀಸಾಗಿ ಹೋಯಿತು. ಜಂಬದಿಂದ ಚಹಾ ಕುಡಿದೆ.

ಮರುದಿನ ತಂಗಿಯ ಫೋನು. "ಅಕ್ಕಾ, ಗಿಡ ಮಂಜಿನ್ಯಾಗ ನಿಂತಂಗ ಕಾಣತೈತಿ. ಒಂದು ಮನಿ ಎಲ್ಲಿ ಮುಗೀತು, ಇನ್ನೊಂದು ಎಲ್ಲಿ ಸುರು ಆತು ತಿಳಿಯವಲ್ದು. ಎಂಟು ಮಂದಿ ಎಣಿಸಿದಿವಿ, ಎಂಟು ಲೆಕ್ಕ ಬಂತು."

ಫೋನು ಸ್ಪೀಕರಿನಲ್ಲಿತ್ತು. ಅವ್ವ ಬೆಳ್ಳುಳ್ಳಿ ಸುಲಿಯುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದಳು. "ಆಫೀಸಿನ್ಯಾಗ ನಿನಗ ಇದಕ್ಕಽ ಪಗಾರ ಕೊಡತಾರೇನು?"

ಅವಮಾನವಾಯಿತು ಎಂದರೆ ಸುಳ್ಳಲ್ಲ. ಆಮೇಲಿನ ಒಂದು ವಾರ ನಾನು ಆ ಗಿಡವನ್ನು ಕೊಡಬಾರದ ಕಷ್ಟಕ್ಕೆಲ್ಲ ಗುರಿಮಾಡಿದೆ. ಅಂಚು ಕತ್ತರಿಸಿದೆ, ಬಣ್ಣ ತೆಗೆದೆ, ನಾಲ್ಕು ತುಂಡು ಮಾಡಿ ನಾಲ್ಕು ಮೇಲಿನಲ್ಲಿ ಕಳಿಸಿದೆ. ತಂಗಿ ಮೂರನೆಯ ತುಂಡನ್ನು ತಲೆಕೆಳಗು ಪ್ರಿಂಟ್ ಮಾಡಿ, ಹಣ್ಣು ಮೇಲಕ್ಕೆ ಬೆಳೆಯುವ ಗಿಡ ಇದು ಯಾವುದು ಎಂದು ಕೇಳಿದಳು. ಕೊನೆಗೆ ಹಳೆಯ ಪೇಟೆ ಮಹಾಲಿನ ಗಲ್ಲಿಯಲ್ಲಿ ಲಗ್ನಪತ್ರಿಕೆ ಮುದ್ರಿಸುವವರೊಬ್ಬರ ಹತ್ತಿರ ಪೆನ್‌ಡ್ರೈವ್ ಹಿಡಿದುಕೊಂಡು ಹೋದೆ. ಅವರು ಪರದೆ ನೋಡಿದ ಕೂಡಲೇ ನಕ್ಕರು.

"ತಾಈ, ಹಾ ಫೋಟೋ ನಾಹೀ, ಹೀ ತರ ನಕ್ಷೀ ಆಹೇ."

ಇದು ಫೋಟೋ ಅಲ್ಲ, ಗೆರೆಯ ಚಿತ್ತಾರ ಎಂದರು. ನಾನು ಮಾಡುತ್ತಿದ್ದುದು ಮುಖದ ಫೋಟೋಗಳಿಗೆ ಮಾಡುವ ಕೆಲಸವಂತೆ. ಅದು ಅಕ್ಕಪಕ್ಕದ ಬಣ್ಣಗಳನ್ನು ಕಲಸಿ ಜಾಗ ಉಳಿಸುತ್ತದೆ. ಕೆನ್ನೆ ಮೂಗು ಸ್ವಲ್ಪ ಕಲಸಿಹೋದರೆ ಯಾರಿಗೂ ಗೊತ್ತಾಗುವುದಿಲ್ಲ, ಆದರೆ ಇಲ್ಲಿ ಒಂದು ಮನೆಯ ಗೋಡೆ ಇನ್ನೊಂದು ಮನೆಯೊಳಗೆ ಹೋದರೆ ಮುಗಿಯಿತು. ಇದಕ್ಕೆ ಕಪ್ಪು, ಬಿಳಿ ಎರಡೇ ಬಣ್ಣ ಸಾಕು ಎಂದು ಅವರು ಉಳಿದ ಬಣ್ಣವನ್ನೆಲ್ಲ ತೆಗೆದು ಬೇರೆ ಬಗೆಯ ಫೈಲು ಮಾಡಿಕೊಟ್ಟರು. ತೊಂಬತ್ತು ಕೆ.ಬಿ. ಒಂದೊಂದು ಗೆರೆಯೂ ಈಗ ತಾನೇ ಎಳೆದ ಹಾಗಿತ್ತು. ಕಳಿಸಿದ ಅರ್ಧ ಗಂಟೆಗೆ ತಂಗಿಯ ಸಂತೋಷದ ಫೋನು ಬಂತು. ನಾನು ಸಂತ್ರಾ ಬರ್ಫಿ ತಂದು ಆಫೀಸಿನಲ್ಲಿ ಹಂಚಿದೆ. ಏನು ವಿಶೇಷ ಎಂದು ಕೇಳಿದವರಿಗೆ ಫೈಲು ಸಣ್ಣದಾಯಿತು ಎಂದೆ. ಯಾರೂ ನಂಬಲಿಲ್ಲ, ಬರ್ಫಿ ಮಾತ್ರ ಖಾಲಿಯಾಯಿತು.

ನಾಲ್ಕನೆಯ ದಿನ ತಂಗಿಯ ದನಿ ಇಳಿದಿತ್ತು. "ಮೂರನೇ ಟೊಂಗಿಗೆ ದಾರ ಹೊಳ್ಳಿ ಬರವಲ್ದು ಅಕ್ಕಾ. ಹಣ್ಣು ಸುತ್ತಿ ಬಂದ್ರ ಬುಡಕ್ಕ ಒಂದು ಮನಿ ದೂರ ನಿಂದರತೈತಿ. ಎಲ್ಲಾರದೂ ಹಂಗಽ."

ಸೆರಗಿಗೆ ಏಳು ಗಿಡ ಎಂದು ತೀರ್ಮಾನವಾಗಿತ್ತು. ಏಳೂ ಎರಡೆರಡು ಟೊಂಗೆ ಚಾಚಿ ನಿಂತುಬಿಟ್ಟಿದ್ದವು. ಪ್ರಿಂಟರ್ ಸರಿಯಿಲ್ಲ ಎಂದು ನಾನು, ನಿನ್ನ ಫೈಲು ಸರಿಯಿಲ್ಲ ಎಂದು ಅವಳು, ವಾರವಿಡೀ ಜಗಳವಾಡಿದೆವು. ಕಳಿಸಿದ ಫೈಲನ್ನು ನಾನೇ ಪ್ರಿಂಟ್ ಮಾಡಿ ಪುಸ್ತಕದ ಪಕ್ಕದಲ್ಲಿಟ್ಟು ಪೆನ್ಸಿಲ್ ಊರಿ ಎಣಿಸಿದೆ. ಒಂದು ಮನೆಯೂ ಆಚೀಚೆ ಆಗಿರಲಿಲ್ಲ. ಅವ್ವನನ್ನು ಕೇಳಿದರೆ, "ಪಟ ಬರೋಬರ್ ಐತಿ. ಅವರ ಕೈ ಸರಿ ಇಲ್ಲ," ಎಂದು ತೀರ್ಪು ಕೊಟ್ಟಳು.

ಕುಬಸಕ್ಕೆ ಎರಡೇ ವಾರ ಉಳಿದವು. ಆ ಹೆಣ್ಣುಮಕ್ಕಳ ಗುಂಪಿಗೆ ಹಿರಿಯಳು ಅವ್ವನ ಬಾಲ್ಯದ ಗೆಳತಿ, ಧಾರವಾಡದಲ್ಲಿ ಅವ್ವನ ತವರಿನ ಪಕ್ಕದ ಮನೆಯವಳು. ಭಾನುವಾರದೊಳಗೆ ದಾರಿ ಸಿಗದಿದ್ದರೆ ಗಿಡ ಬಿಚ್ಚಿ ಗೋಪುರ ಹಾಕಿಬಿಡೋಣ ಎಂದು ಅವಳು ಹೇಳಿ ಕಳಿಸಿದಳು. ಆ ಮಾತು ಕೇಳಿ ಅವ್ವ ತಟ್ಟೆ ಸರಿಸಿದಳು. "ಗೋಪುರ ಊರೆಲ್ಲಾ ಹಾಕ್ತೈತಿ," ಎಂದವಳು ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಊಟಕ್ಕೆ ಎಬ್ಬಿಸಿದರೂ ಏಳಲಿಲ್ಲ. ಅಲ್ಲಿಯವರೆಗೆ ನನಗೆ ಇದು ಫೈಲಿನ ತಕರಾರಾಗಿತ್ತು. ಆವತ್ತು ಅವಳ ತಟ್ಟೆ ಮುಚ್ಚಿಟ್ಟು ನಾನೂ ಉಣ್ಣದೆ ಎದ್ದೆ. ಸೂಜಿ ಹಿಡಿಯಲಾಗದ ಅವ್ವ ಮೊಮ್ಮಗಳಿಗೆ ಕೊಡಬಹುದಾಗಿದ್ದು ಆ ಗಿಡ ಒಂದೇ.

ಮರುದಿನ ಆಫೀಸಿನಿಂದ ಬರುವಾಗ ದಪ್ಪ ಎಳೆಯ ಬಿಳಿ ಮ್ಯಾಟಿ ಬಟ್ಟೆ, ದಪ್ಪ ಕೆಂಪು ದಾರ, ಕುರುಡರೂ ಪೋಣಿಸಬಹುದಾದ ದೊಡ್ಡ ಕಣ್ಣಿನ ಸೂಜಿ ತಂದೆ. "ಅವರ ಕೈ ಸರಿ ಇಲ್ಲಂದಿ. ನಿನ್ನ ಕೈ ತೋರಿಸು," ಎಂದೆ. ಕೆಣಕಿದರೆ ಅವ್ವ ಸುಮ್ಮನಿರುವವಳಲ್ಲ. ಎದ್ದು ಕೂತಳು. ಎಡಗೈ ಬೆರಳಿನಿಂದ ಎಳೆ ಸವರುತ್ತ, ಬಲಗೈಯಿಂದ ಸೂಜಿ ನೂಕುತ್ತ, ತುಟಿಯಲ್ಲೇ ಲೆಕ್ಕ ಹಾಕುತ್ತ ಹೊರಟಳು. ನಾನು ಪುಸ್ತಕ ತೆರೆದುಕೊಂಡು ಮನೆಮನೆಗೂ ಹೋಲಿಸುತ್ತ ಕೂತೆ. ಬುಡ ಆಯಿತು, ಎರಡು ಟೊಂಗೆ ಆದವು. ಮೂರನೆಯ ಟೊಂಗೆಯಲ್ಲಿ ಎಲೆಯ ಮರೆಗೆ ಸೂಜಿ ನಾಲ್ಕು ಮನೆ ಮೇಲೆ ಹೋಗಿ ತಿರುಗಿತು.

"ಅವ್ವಾ, ತಪ್ಪಿತು. ಪುಸ್ತಕದಾಗ ಐದು ಐತಿ."

"ನಾಲ್ಕು."

"ಐದು ಐತಿ ನೋಡು."

ಅವ್ವ ಕೇಳದೆ ಹಣ್ಣು ಸುತ್ತಿ ಬಂದಳು. ದಾರ ನೆಟ್ಟಗೆ ಬುಡಕ್ಕೆ ಬಂದು ಸೇರಿತು. ಬಟ್ಟೆ ತಿರುಗಿಸಿ ನೋಡಿದೆ, ಹಿಂದೆಯೂ ಅದೇ ಟೊಂಗೆ. ನಾನು ಮತ್ತೊಮ್ಮೆ ಪುಸ್ತಕದ ಐದು ಮನೆಗಳನ್ನು ಅವಳ ಬೆರಳು ಹಿಡಿದು ಎಣಿಸಿ ತೋರಿಸಿದೆ. ಅವ್ವ ಅವನ್ನು ತಾನೇ ಇನ್ನೊಮ್ಮೆ ಎಣಿಸಿಕೊಂಡಳು. ಆಮೇಲೆ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಅಯ್ಯಽ, ಅದನ್ನ ನಾನಽ ಹಾಕಿದ್ದೆ."

ನಾವು ಸರ್ಕಾರಿ ಕ್ವಾರ್ಟರ್ಸ್‌ನಲ್ಲಿದ್ದಾಗ ಮೇಲಿನ ಮನೆಯಲ್ಲಿ ನಮ್ಮ ಕಡೆಯವಳೇ ಒಬ್ಬಳಿದ್ದಳಂತೆ. ಅವ್ವ ಏನು ಹಾಕಿದರೂ ಪುಸ್ತಕ ಕೇಳಿ ಒಯ್ದು, ವಾರದಲ್ಲಿ ಅದನ್ನೇ ಹೊಲಿದು, ತನ್ನದೆಂದು ಎಲ್ಲರಿಗೂ ತೋರಿಸುತ್ತಿದ್ದಳಂತೆ. ಇಲ್ಲ ಎನ್ನಲು ಅವ್ವನಿಗೆ ಬಾಯಿ ಬರಲಿಲ್ಲ. ಅದಕ್ಕೆ ಸಂತ್ರಾ ಗಿಡ ಬರೆಯುವಾಗ ಎಲೆಯ ಮರೆಯಲ್ಲಿ ಒಂದು ಮನೆ ಹೆಚ್ಚು ಹಾಕಿದಳು. ಕಣ್ಣಿಗೆ ಕಾಣುವುದಿಲ್ಲ, ಸೂಜಿಗೆ ಮಾತ್ರ ತಿಳಿಯುತ್ತದೆ. ಪುಸ್ತಕವನ್ನು ನಗುನಗುತ್ತ ಕೊಟ್ಟಳು. ಮೇಲಿನ ಮನೆಯವಳು ಮೂರನೆಯ ಟೊಂಗೆಯಲ್ಲೇ ಸೋತು ಪುಸ್ತಕ ತಂದಿಟ್ಟಳು. ಅವ್ವ ತಾನು ಹೊಲಿಯುವಾಗ ಪುಸ್ತಕ ನೋಡುತ್ತಲೇ ಇರಲಿಲ್ಲವಾದ್ದರಿಂದ ತಾನು ತೋಡಿದ ಗುಂಡಿಯನ್ನು ತಾನೇ ಮರೆತುಬಿಟ್ಟಳು.

ಹೇಳುತ್ತ ಹೇಳುತ್ತ ಅವ್ವ ಹುಡುಗಿಯಂತೆ ನಗತೊಡಗಿದಳು. ನನಗೆ ನಗು ಬರಲಿಲ್ಲ. ಹದಿನಾಲ್ಕನೆಯ ವಯಸ್ಸಿನ ಬೇಸಿಗೆಯಲ್ಲಿ ನಾನು ಇದೇ ಪುಸ್ತಕ ಹಿಡಿದು ಕೂತಿದ್ದೆ. ಮೂರನೆಯ ಟೊಂಗೆಯನ್ನು ಒಂಬತ್ತು ಸಲ ಬಿಚ್ಚಿ ಹಾಕಿದ್ದೆ. ಅಡುಗೆಮನೆಯಿಂದ ಬಂದ ಅವ್ವ ನನ್ನ ಬಟ್ಟೆಯ ಹಿಂದಿನ ಮಗ್ಗುಲು ಒಂದು ಕ್ಷಣ ನೋಡಿ, ನಿನ್ನ ಕೈಗೆ ಕಸೂತಿ ಒಲಿಯುವುದಿಲ್ಲ ಎಂದು ಹೇಳಿ ಹೋಗಿದ್ದಳು. ಆಮೇಲೆ ನಾನು ಸೂಜಿ ಮುಟ್ಟಲಿಲ್ಲ. ಈಗ ಸಿಟ್ಟು ಬಂತು. ಆದರೆ ನಿನ್ನೆ ಊಟ ಬಿಟ್ಟು ಮಲಗಿದ್ದವಳು ಇವತ್ತು ನಗುತ್ತಿದ್ದಾಳೆ, ಅದೂ ಅಲ್ಲದೆ ಭಾನುವಾರ ಹತ್ತಿರ ಬಂದಿದೆ. ನುಂಗಿಕೊಂಡು ಲ್ಯಾಪ್‌ಟಾಪ್ ತೆರೆದೆ.

ಆಗ ಅವ್ವನ ನಗು ನಿಂತಿತು. "ಏನಂತ ಬರೀತಿ? ಎಂಟು ಮಂದಿ ಓದತಾರ. ನನ್ನ ಗೆಳತಿ ಓದತಾಳ. ಸುಳ್ಳ ಪಟ ಇಟಗೊಂಡ ಕುಂತಿದ್ಲು ಅನ್ನೂದಿಲ್ಲಾ?"

ದಾರಿ ನನಗೆ ಕೂಡಲೇ ಹೊಳೆಯಿತು. ಫೈಲು ಸಣ್ಣದು ಮಾಡುವಾಗ ಕಂಪ್ಯೂಟರ್ ಒಂದು ಮನೆ ತಪ್ಪು ಮಾಡಿದೆ ಎಂದು ಬರೆದರಾಯಿತು. ಕಂಪ್ಯೂಟರಿಗೆ ನಾಚಿಕೆಯೂ ಇಲ್ಲ, ತವರುಮನೆಯೂ ಇಲ್ಲ. ಅವ್ವನ ಮುಖ ಅರಳಿತು. "ಹಂಗಽ ಬರಿ. ಅದರ ಮ್ಯಾಲ ಹಾಕು." ನಾನು ಟೈಪ್ ಮಾಡಿ ಓದಿ ಹೇಳಿದೆ. ಅವಳು ಎರಡು ಸಲ ಓದಿಸಿ ತಲೆಯಾಡಿಸಿದಳು. ನಾನು ಕಳಿಸುವುದರಲ್ಲಿದ್ದೆ.

"ಆ ಪಟ ಈಗ ಯಾರ್ಯಾರ ಹತ್ರ ಐತಿ?" ಎಂದು ಕೇಳಿದಳು.

ಗುಂಪಿನವರೆಲ್ಲರ ಫೋನಿನಲ್ಲಿದೆ, ಅವರ ಅಕ್ಕತಂಗಿಯರಿಗೂ ಹೋಗಿದೆಯಂತೆ, ತೊಂಬತ್ತೇ ಕೆ.ಬಿ. ನೋಡು, ಹೋಗಲು ಏನು ಕಷ್ಟ ಎಂದೆ.

"ಹೊಳ್ಳಿ ತರಸಾಕ ಬರತೈತೇನು?"

"ಇಲ್ಲವ್ವಾ."

ಅವ್ವ ಮಡಿಲಲ್ಲಿದ್ದ ಮ್ಯಾಟಿ ಬಟ್ಟೆಯನ್ನು ಸವರುತ್ತ ಕೂತಳು. ಪುಸ್ತಕ ಟ್ರಂಕಿನಲ್ಲಿದ್ದಾಗ ತಪ್ಪು ಮನೆಯೂ ಅವಳ ಬೀಗದೊಳಗೇ ಇತ್ತು. ಈಗ ಅದು ಊರೂರು ಸುತ್ತಲು ಹೊರಟಿತ್ತು. "ಅಳಿಸು," ಎಂದಳು. "ನಾನಽ ಬೇಕಂತ ತಪ್ಪು ಹಾಕೇನಿ ಅಂತ ಬರಿ. ಯಾಕ ಹಾಕಿದ್ದೆ ಅನ್ನೂದೂ ಬರಿ. ಇಲ್ಲಾಂದ್ರ ಯಾವ ಹುಡುಗಿ ಎಲ್ಲಿ ಕುಂತು ಅಳತಾಳೋ." ನಾನು ಪರದೆಯ ಮೇಲಿನಿಂದ ಕಣ್ಣು ತೆಗೆಯದೆ ಹೇಳಿದಂತೆ ಬರೆದೆ. ಮೂರನೆಯ ಟೊಂಗೆಗೆ ಐದಲ್ಲ, ನಾಲ್ಕು. ಫೈಲೂ ಇಲ್ಲ, ಚಿತ್ರವೂ ಇಲ್ಲ, ಹತ್ತು ಸಾಲಿನ ಮೇಲ್.

ಎರಡು ತಾಸಿನ ನಂತರ ತಂಗಿ ಫೋನಿನಲ್ಲಿ ಕೂಗಿದಳು. "ಹೊಳ್ಳಿ ಬಂತು ಅಕ್ಕಾ! ಏಳಕ್ಕ ಏಳೂ ಹೊಳ್ಳಿ ಬಂದ್ವು!" ಸೀರೆ ಕುಬಸಕ್ಕೆ ಮೂರು ದಿನ ಮೊದಲೇ ಮುಗಿಯಿತು. ಆದರೆ ಆ ಫೋನಿನಲ್ಲಿ ಅವಳ ಮಾತು ಇನ್ನೂ ಮುಗಿದಿರಲಿಲ್ಲ. ಅವ್ವನ ಗೆಳತಿ ಹೇಳಿ ಬರೆಸಿದ ಉತ್ತರವನ್ನು ಮೇಲ್ ಮಾಡಿದ್ದೇನೆ, ಅವ್ವನಿಗೆ ಓದಿ ಹೇಳು ಎಂದಳು. ಓದಿದೆ.

"ಗೆಳತಿ, ನಿನ್ನ ಪತ್ರ ಕೇಳಿ ನನಗೂ ಧೈರ್ಯ ಬಂತು. ನಿನ್ನ ಮದುವಿ ಮುಂದ ನೀ ನನ್ನ ಆನಿ ಪಟ ಬರಕೊಂಡು ಹೋದೆಲ್ಲಾ, ಅದರ ಸೊಂಡಿಲಿನ್ಯಾಗ ಒಂದು ಮನಿ ಹೆಚ್ಚಿಗಿ ಐತಿ. ಬೇಕಂತಲೇ ಹಾಕಿದ್ದೆ. ತಪ್ಪು ತಿಳ್ಕೋಬ್ಯಾಡ."

ನಾನು ತಡೆಯಲಾರದೆ ಬಿದ್ದು ಬಿದ್ದು ನಕ್ಕೆ. ಅವ್ವ ಎದ್ದು ಟ್ರಂಕು ತೆರೆದು ಹಳೆಯ ಕುಪ್ಪಸದ ಕಣಗಳು, ದಿಂಬಿನ ಚೀಲಗಳನ್ನೆಲ್ಲ ಹೊರಗೆಳೆದಳು. ಎಲ್ಲದರ ಮೇಲೂ ಆನೆಗಳು. ಒಂದೊಂದನ್ನೇ ತಿರುಗಿಸಿ ಸೊಂಡಿಲಿನ ಹಿಂದೆ ಬೆರಳಾಡಿಸಿದಳು. ಎಲ್ಲದರಲ್ಲೂ ಹಿಂದಿನಿಂದ ಹಾರಿಸಿದ ಒಂದು ಉದ್ದ ದಾರ. "ಕಳ್ಳಿ!" ಎಂದಳು. "ಅರವತ್ತು ವರ್ಷ! ಅರವತ್ತು ವರ್ಷ ಆನಿ ನನ್ನ ಕೈಗೆ ಬರೂದಿಲ್ಲಾ ಅಂತ ತಿಳಕೊಂಡಿದ್ದೆ. ಯಾರಿಗೂ ಹಿಂದಿನ ಮಗ್ಗಲಾ ತೋರಸ್ತಿದ್ದಿಲ್ಲ ನಾನು."

ಇನ್ನೊಂದು ಆನೆಯನ್ನು ಕೈಗೆತ್ತಿಕೊಂಡವಳು ಹಾಗೇ ನಿಂತಳು. ನನ್ನ ಕಡೆ ತಿರುಗಿದಳು. ನನ್ನ ನಗು ಅಷ್ಟರಲ್ಲಿ ನಿಂತಿತ್ತು.

"ಆ ಬ್ಯಾಸಗ್ಯಾಗ ನೀನು ಸಂತ್ರಾ ಗಿಡ ಹಾಕಾಕ ಕುಂತಿದ್ದಿ."

"ಹೂಂ."

"ಮೂರನೇ ಟೊಂಗಿಗೆ ಬಿಟ್ಟಿ."

"ಹೌದವ್ವಾ."

ಅವ್ವ ಕೈಯಲ್ಲಿದ್ದ ಆನೆಯನ್ನು ಟ್ರಂಕಿನ ಮೇಲಿಟ್ಟಳು. "ನಿನ್ನ ಕೈಯಾಗ ಏನೂ ತಪ್ಪಿರಲಿಲ್ಲವ್ವಾ," ಎಂದಳು. ಐವತ್ತೆರಡು ವರ್ಷದ ನಾನು ಲ್ಯಾಪ್‌ಟಾಪಿನ ಮುಂದೆ ಕೂತು ಗೊಳೋ ಎಂದು ಅತ್ತೆ. ಅವ್ವ ಸಮಾಧಾನ ಮಾಡಲಿಲ್ಲ, ಅದು ಅವಳಿಗೆ ಬರುವುದಿಲ್ಲ. ಸೂಜಿಗೆ ದಾರ ಪೋಣಿಸುವಂತೆ ಹೇಳಿ, ಆ ಮ್ಯಾಟಿ ಬಟ್ಟೆಯನ್ನು ನನ್ನ ಮಡಿಲಿಗೆ ಹಾಕಿ, ಪಕ್ಕದಲ್ಲಿ ಕೂತಳು.

"ಮೂರನೇ ಟೊಂಗಿಯಿಂದ ಹಿಡಿ," ಎಂದಳು.